ಹೊಗೆಗೂಡಿನ ಬುಡದಲ್ಲಿ ಬಚ್ಚಿಟ್ಟ ಬಾವುಟ: ಎಸ್ಟೋನಿಯಾದ ಒಂದು ವಿದ್ಯಾರ್ಥಿ ಸಂಘದ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಸರಿ ಮಾಡ್ಕೊಳ್ಳಿ, ಇವತ್ತು ಸ್ವಲ್ಪ ದೂರ ಹೋಗೋದಿದೆ.

ನಾನು ಬಿ.ಕಾಂ. ಓದ್ತಿದ್ದಾಗ ನಮ್ಮ ಕಾಲೇಜಿನಲ್ಲಿ ಒಂದು ಕಾಮರ್ಸ್ ಫೋರಂ ಇತ್ತು. ವರ್ಷಕ್ಕೆ ಒಂದು ಫೆಸ್ಟ್, ಎರಡು ಗೆಸ್ಟ್ ಲೆಕ್ಚರ್, ಅಷ್ಟೇ. ಆದರೆ ಫೆಸ್ಟ್‌ನ ಟೀಶರ್ಟ್ ಯಾವ ಬಣ್ಣದ್ದಿರಬೇಕು ಅನ್ನೋದಕ್ಕೆ ನಾವು ಮೂರು ದಿನ ಜಗಳ ಆಡಿದ್ವಿ. ಕೊನೆಗೆ ಮೆರೂನ್ ಅಂತಾಯ್ತು. ಆ ಟೀಶರ್ಟ್ ಈಗ ನಮ್ಮನೆಯಲ್ಲಿ ಬೈಕ್ ಒರೆಸೋ ಬಟ್ಟೆ.

ಇದನ್ನ ಯಾಕೆ ಹೇಳಿದೆ ಅಂದ್ರೆ, 1881ರಲ್ಲಿ ಯುರೋಪಿನ ಒಂದು ಸಣ್ಣ ಊರಲ್ಲಿ ಕೆಲವು ಹುಡುಗರು ಹೀಗೇ ಕೂತು ತಮ್ಮ ಸಂಘಕ್ಕೆ ಬಣ್ಣ ಆರಿಸಿಕೊಂಡರು. ನೀಲಿ, ಕಪ್ಪು, ಬಿಳಿ. ಆ ಬಣ್ಣಗಳು ಇವತ್ತು ಒಂದು ದೇಶದ ರಾಷ್ಟ್ರಧ್ವಜ. ಮಧ್ಯದಲ್ಲಿ ಸುಮಾರು ಐವತ್ತು ವರ್ಷ ಆ ಮೂರು ಬಣ್ಣ ಒಟ್ಟಿಗೆ ತೋರಿಸಿದರೆ ಜೈಲು ಸೇರುವ ಭಯ ಇತ್ತು. ಆ ಮೊದಲ ಬಾವುಟ ಮಾತ್ರ ಒಂದು ಹಳ್ಳಿ ಮನೆಯ ಹೊಗೆಗೂಡಿನ ಬುಡದಲ್ಲಿ ಸುಮ್ಮನೆ ಮಲಗಿತ್ತು.

ದೇಶ ಎಸ್ಟೋನಿಯಾ. ಬಾಲ್ಟಿಕ್ ಸಮುದ್ರದ ದಡದ ಪುಟ್ಟ ದೇಶ, ಜನಸಂಖ್ಯೆ ಹದಿಮೂರು ಹದಿನಾಲ್ಕು ಲಕ್ಷದ ಆಸುಪಾಸು. ಸ್ಕೈಪ್ ನೆನಪಿದೆಯಲ್ಲ, ಅದರ ಸಾಫ್ಟ್‌ವೇರ್ ಬರೆದವರು ಇವರೇ. ಊರು ತಾರ್ತು. ಸಂಘದ ಹೆಸರು ಈಸ್ತಿ ಯೂಲಿಯೊಪಿಲಸ್ತೆ ಸೆಲ್ಟ್ಸ್. ಈ ಹೆಸರು ಹೇಳೋಕೆ ನಾನು ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಿದ್ದೀನಿ, ತಪ್ಪಿದ್ರೆ ಕ್ಷಮಿಸಿ. ಅರ್ಥ ತುಂಬ ಸರಳ: ಎಸ್ಟೋನಿಯನ್ ವಿದ್ಯಾರ್ಥಿಗಳ ಸಂಘ. ಇನ್ನು ಮುಂದೆ ಬರೀ 'ಸೆಲ್ಟ್ಸ್' ಅಂತೀನಿ. ಆ ಪದಕ್ಕೆ ಸಂಘ ಅಂತಲೇ ಅರ್ಥ.

ಮೊದಲು ಊರಿನ ಪರಿಸ್ಥಿತಿ ಗೊತ್ತಾಗಬೇಕು. ತಾರ್ತು ವಿಶ್ವವಿದ್ಯಾಲಯ ಶುರುವಾಗಿದ್ದು 1632ರಲ್ಲಿ, ಸ್ವೀಡನ್ ದೊರೆ ಗುಸ್ತಾವ್ ಅಡಾಲ್ಫನ ಕಾಲದಲ್ಲಿ. ನಡುವೆ ಮುಚ್ಚಿಹೋಗಿ, 1802ರಲ್ಲಿ ರಷ್ಯಾ ಸಾಮ್ರಾಜ್ಯದ ಕೈಕೆಳಗೆ ಮತ್ತೆ ತೆರೀತು. ಇಲ್ಲೇ ಒಂದು ತಮಾಷೆ ಇದೆ. ಆಳೋರು ರಷ್ಯನ್ನರು, ಪಾಠ ನಡೆಯೋದು ಜರ್ಮನ್ ಭಾಷೆಯಲ್ಲಿ, ಊರಿನ ಸುತ್ತ ಹೊಲ ಉಳೋರು ಎಸ್ಟೋನಿಯನ್ನರು. ಜಮೀನು, ಚರ್ಚು, ಕೋರ್ಟು, ಕಾಲೇಜು ಎಲ್ಲ ಬಾಲ್ಟಿಕ್ ಜರ್ಮನ್ನರ ಕೈಲಿ. ಊರನ್ನ ಕೂಡ ಅವರು ಡೋರ್ಪಾಟ್ ಅಂತಲೇ ಕರೀತಿದ್ದರು. ಎಸ್ಟೋನಿಯನ್ ರೈತರು ಕಾನೂನಿನ ಪ್ರಕಾರ ಜೀತದಿಂದ ಬಿಡುಗಡೆ ಆಗಿದ್ದೇ 1816ರಲ್ಲಿ ಉತ್ತರದ ಪ್ರಾಂತ್ಯದಲ್ಲಿ, 1819ರಲ್ಲಿ ತಾರ್ತು ಇರುವ ದಕ್ಷಿಣದ ಪ್ರಾಂತ್ಯದಲ್ಲಿ. ಬಿಡುಗಡೆ ಆಯ್ತು ನಿಜ, ಜಮೀನು ಕೊಡಲಿಲ್ಲ.

ಹಾಗಾಗಿ 1860, 70ರ ಹೊತ್ತಿಗೆ ತಾರ್ತು ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದ ಎಸ್ಟೋನಿಯನ್ ಹುಡುಗ ಅಂದ್ರೆ, ಎಷ್ಟೋ ಸಲ, ಜೀತದಾಳಿನ ಮೊಮ್ಮಗ. ಅವನು ಓದಿದ್ದೆಲ್ಲ ಜರ್ಮನ್‌ನಲ್ಲಿ. ಡಾಕ್ಟರೋ ಪಾದ್ರಿಯೋ ಆಗಿ ಹೊರಬಂದ ಮೇಲೆ ಅವನಿಂದ ಸಮಾಜ ಬಯಸ್ತಿದ್ದದ್ದು ಒಂದೇ: ನೀನೂ ಜರ್ಮನ್ ಆಗು. ಮನೆಯಲ್ಲಿ ಜರ್ಮನ್ ಮಾತಾಡು, ಜರ್ಮನ್ ಹುಡುಗೀನ ಮದುವೆಯಾಗು, ಹಳ್ಳಿ ಮರೆತುಬಿಡು. ತುಂಬ ಜನ ಹಾಗೇ ಮಾಡಿದ್ರು. ಅವರನ್ನ ನಾನು ಬೈಯಲ್ಲ. ಬದುಕೋ ದಾರಿ ಅದೊಂದೇ ಅನ್ನೋ ಹಾಗಿದ್ದಾಗ ಯಾರಾದ್ರೂ ಅದೇ ಮಾಡ್ತಾರೆ.

ವಿದ್ಯಾರ್ಥಿ ಜೀವನವೂ ಜರ್ಮನ್ನರದ್ದೇ. ಅಲ್ಲಿ 'ಕಾರ್ಪೊರೇಷನ್' ಅಂತ ಇದ್ದವು. ನಮ್ಮ ನಗರಪಾಲಿಕೆ ಥರದ್ದಲ್ಲ, ವಿದ್ಯಾರ್ಥಿ ಸಂಘಗಳು. ಕುರೋನಿಯಾ 1808ರದ್ದು, ಎಸ್ಟೋನಿಯಾ ಅಂತಲೇ ಹೆಸರಿದ್ದ ಇನ್ನೊಂದು 1821ರದ್ದು, ಲಿವೋನಿಯಾ 1822ರದ್ದು. ಹೆಸರು ಎಸ್ಟೋನಿಯಾ ಆದರೂ ಅದು ಜರ್ಮನ್ ಜಮೀನ್ದಾರರ ಮಕ್ಕಳ ಸಂಘ, ಗಮನಿಸಿ. ಪ್ರತಿ ಸಂಘಕ್ಕೂ ಮೂರು ಬಣ್ಣ, ಆ ಬಣ್ಣದ ಟೋಪಿ, ಎದೆಗೆ ಅಡ್ಡಲಾಗಿ ಪಟ್ಟಿ. ಮರ್ಯಾದೆ ಪ್ರಶ್ನೆ ಬಂದ್ರೆ ದ್ವಂದ್ವಯುದ್ಧ. ಟೋಪಿ ಇದ್ದವನು ಬೀದಿಯಲ್ಲಿ ಹೋಗ್ತಿದ್ರೆ ಅವನು ಯಾರ ಪೈಕಿ ಅಂತ ದೂರದಿಂದಲೇ ಗೊತ್ತಾಗಬೇಕು. ಬಣ್ಣ ಇಲ್ಲದವನಿಗೆ ಊರಲ್ಲಿ ಬೆಲೆ ಇಲ್ಲ.

ಈಗ 1870ಕ್ಕೆ ಬನ್ನಿ. ಆ ವರ್ಷ ಮಾರ್ಚ್ 26ರ ಸಂಜೆ, ಈಗಿನ ಕ್ಯಾಲೆಂಡರಿನಲ್ಲಿ ಏಪ್ರಿಲ್ 7, ಕೆಲವು ಎಸ್ಟೋನಿಯನ್ ವಿದ್ಯಾರ್ಥಿಗಳು, ಓದಿದವರು ಒಂದು ಕಡೆ ಸೇರಿದರು. ರಷ್ಯಾದಲ್ಲಿ ಆಗ ಹಳೇ ಕ್ಯಾಲೆಂಡರ್ ಇತ್ತು, ಅದಕ್ಕೇ ಈ 12 ದಿನದ ವ್ಯತ್ಯಾಸ. ಸೇರಿ ಮಾಡಿದ್ದೇನು? ಒಂದು ಪುಸ್ತಕ ಓದಿದರು.

ಪುಸ್ತಕದ ಹೆಸರು ಕಾಲೆವಿಪೊಯೆಗ್. ಕಾಲೆವನ ಮಗ ಅಂತ ಅರ್ಥ. ಎಸ್ಟೋನಿಯನ್ನರ ಮಹಾಕಾವ್ಯ, ಸುಮಾರು 19,000 ಸಾಲು. ಬರೆದವರು ಕ್ರಾಯ್ಟ್ಸ್‌ವಾಲ್ಡ್ ಅನ್ನೋ ಡಾಕ್ಟರು. ಅವರೇ ಹುಟ್ಟಿದ್ದು ಜೀತದಾಳುಗಳ ಮನೆಯಲ್ಲಿ. ಫೇಲ್‌ಮನ್ ಅನ್ನೋ ಗೆಳೆಯ ಶುರು ಮಾಡಿ, ಮುಗಿಸೋಕೆ ಮುಂಚೆ ತೀರಿಕೊಂಡ ಕೆಲಸವನ್ನ ಇವರು ಎತ್ತಿಕೊಂಡರು. ಹಳ್ಳಿಯ ಕಥೆ, ಹಾಡು ಆಯ್ದು, ತಮ್ಮದೂ ಸಾಕಷ್ಟು ಸೇರಿಸಿ ಹೆಣೆದರು. 1857ರಿಂದ 1861ರವರೆಗೆ ಕಂತುಗಳಲ್ಲಿ ಬಂತು, ಪಕ್ಕದಲ್ಲೇ ಜರ್ಮನ್ ಅನುವಾದ ಇಟ್ಟುಕೊಂಡು. ಜನಸಾಮಾನ್ಯರ ಆವೃತ್ತಿ 1862ರಲ್ಲಿ ಅಚ್ಚಾಗಿದ್ದು ಫಿನ್‌ಲೆಂಡಿನಲ್ಲಿ.

ಈ ಓದಿನ ಸಂಜೆಗಳಿಗೆ 'ಕಾಲೆವಿಪೊಯೆಗ್ ಸಂಜೆ' ಅಂತ ಹೆಸರು ಬಿತ್ತು. ಕೇಳೋಕೆ ಬುಕ್ ಕ್ಲಬ್ ಥರ ಇದೆ, ಅಲ್ವಾ? ಆದರೆ ಒಂದು ವಿಷಯ ಯೋಚನೆ ಮಾಡಿ. ಕಾವ್ಯದ ಬಗ್ಗೆ, ಇತಿಹಾಸದ ಬಗ್ಗೆ ಚರ್ಚೆ ಮಾಡುವಾಗ ಆ ಹುಡುಗರ ಬಾಯಿಗೆ ಸಲೀಸಾಗಿ ಬರ್ತಿದ್ದದ್ದು ಜರ್ಮನ್. ಎಸ್ಟೋನಿಯನ್ ಅಂದ್ರೆ ಅಮ್ಮನ ಜೊತೆ, ದನಕರುಗಳ ಜೊತೆ ಆಡೋ ಭಾಷೆ. ಗಂಭೀರ ವಿಷಯವನ್ನ ಆ ಭಾಷೆಯಲ್ಲಿ ಮಾತಾಡೋದು ಅವರಿಗೇ ಹೊಸದು. ನಾನು ಮೊದಲ ಸಲ ಅಕೌಂಟೆನ್ಸಿ ವಿಷಯವನ್ನ ಕನ್ನಡದಲ್ಲಿ ರೆಕಾರ್ಡ್ ಮಾಡೋಕೆ ಕೂತಾಗ ಹತ್ತು ನಿಮಿಷಕ್ಕೆ ಬೆವರಿಳಿದಿತ್ತು, ಹಾಗಾಗಿ ಈ ಭಾಗ ಓದುವಾಗ ನಂಗೆ ಆ ಹುಡುಗರ ಮೇಲೆ ಪ್ರೀತಿ ಉಕ್ಕಿಬಂತು.

ಸೆಲ್ಟ್ಸ್ ತನ್ನ ಹುಟ್ಟುಹಬ್ಬ ಅಂತ ಇವತ್ತಿಗೂ ಎಣಿಸೋದು ಆ ಸಂಜೆಯನ್ನೇ. ಇನ್ನೊಂದು ಸ್ವಾರಸ್ಯ ಅಂದ್ರೆ ಅದೇ ವರ್ಷ, ಅದೇ ಊರಲ್ಲಿ ಪಕ್ಕದ ಲಾಟ್ವಿಯಾದ ಹುಡುಗರೂ 'ಲಾಟ್ವಿಯನ್ ಸಂಜೆ'ಗಳನ್ನ ಶುರು ಮಾಡಿದ್ದರು. ಅವರದ್ದು 1882ರಲ್ಲಿ ಲೆಟ್ಟೋನಿಯಾ ಅನ್ನೋ ಅಧಿಕೃತ ಕಾರ್ಪೊರೇಷನ್ ಆಯ್ತು.

ಎಸ್ಟೋನಿಯನ್ ಹುಡುಗರಿಗೆ ಆ ಅದೃಷ್ಟ ಇರಲಿಲ್ಲ. 1881ರ ಸೆಪ್ಟೆಂಬರ್ 29ರಂದು, ಈಗಿನ ಕ್ಯಾಲೆಂಡರಿನ ಲೆಕ್ಕದಲ್ಲಿ, ಇವರು 'ವಿರೋನಿಯಾ' ಅನ್ನೋ ಹೆಸರಲ್ಲಿ ಕಾರ್ಪೊರೇಷನ್ ಮಾಡೋಣ ಅಂತ ಸಭೆ ಸೇರಿದರು. ನೀಲಿ, ಕಪ್ಪು, ಬಿಳಿ ತೀರ್ಮಾನ ಆಗಿದ್ದು ಅವತ್ತೇ. ನೀಲಿ ಆಕಾಶ, ಕಪ್ಪು ಮಣ್ಣು, ಬಿಳಿ ಒಳಿತಿನ ಕಡೆಗಿನ ಹಂಬಲ ಅಂತ ಈಗ ಶಾಲೆ ಮಕ್ಕಳಿಗೂ ಹೇಳಿಕೊಡ್ತಾರೆ. ಇಂಥ ಅರ್ಥಗಳಿಗೆ ಕವಿಗಳ ಕೈ ತಾಗಿರುತ್ತೆ, ನಾನು ತೀರಾ ತಲೆ ಕೆಡಿಸಿಕೊಳ್ಳಲ್ಲ. ಅಂತೂ ಬಣ್ಣ ಸಿಕ್ತು, ಸಂಘಕ್ಕೆ ಮಾನ್ಯತೆ ಸಿಗಲಿಲ್ಲ. ಹಳೇ ಕಾರ್ಪೊರೇಷನ್‌ಗಳ ಕೂಟ ಒಪ್ಪದೆ ಹೊಸ ಕಾರ್ಪೊರೇಷನ್ ತಲೆ ಎತ್ತೋ ಹಾಗಿರಲಿಲ್ಲ, ಆ ಕೂಟದಲ್ಲಿದ್ದವರು ಜರ್ಮನ್ನರು. ಕ್ಲಬ್ಬಿನ ಮೆಂಬರ್‌ಷಿಪ್ ಅರ್ಜಿಯನ್ನ ಎದುರಾಳಿಗೇ ಕೊಟ್ಟ ಹಾಗೆ.

ಕೊನೆಗೆ 1883ರಲ್ಲಿ ಬರೀ ಸಾಹಿತ್ಯ, ವಿದ್ವತ್ತಿನ ಸಂಘ ಅಂತ ನೋಂದಣಿ ಆಯ್ತು, ಅದೂ ಜರ್ಮನ್ ಹೆಸರಲ್ಲಿ. ಅಂಥ ಸಂಘಕ್ಕೆ ಟೋಪಿ, ಬಣ್ಣ ಧರಿಸೋ ಹಕ್ಕಿಲ್ಲ. ಸರಿ ಬಿಡಿ ಅಂತ ಸುಮ್ಮನಾಗಬಹುದಿತ್ತು. ಇವರು ಬಾವುಟ ಹೊಲಿಸಿದರು.

ಹೊಲಿದವರು ಮೂವರು ಹೆಂಗಸರು: ಎಮಿಲಿ ಬೇರ್‌ಮನ್, ಪೌಲಾ ಹೆರ್ಮನ್, ಮೀನಾ ಹೆರ್ಮನ್. ಈ ಮೀನಾ ಮುಂದೆ ಮೀನಾ ಹರ್ಮಾ ಅನ್ನೋ ಹೆಸರಲ್ಲಿ ಎಸ್ಟೋನಿಯಾದ ದೊಡ್ಡ ಸಂಗೀತ ಸಂಯೋಜಕಿ ಆದರು. ಸೆಲ್ಟ್ಸ್ ಅವತ್ತೂ ಇವತ್ತೂ ಗಂಡಸರ ಸಂಘ. ಅಂದ್ರೆ ರೇಷ್ಮೆ ಬಾವುಟ ಹೊಲಿದವರಿಗೆ ಆ ಬಾವುಟದ ಸಂಘದೊಳಗೆ ಜಾಗ ಇರಲಿಲ್ಲ. ಇದನ್ನ ಹೇಳದೆ ಮುಂದೆ ಹೋಗೋಕೆ ನಂಗೆ ಮನಸ್ಸಾಗಲಿಲ್ಲ.

ತಾರ್ತುವಿನಲ್ಲಿ ಬಾವುಟ ಬಿಚ್ಚೋ ಹಾಗಿಲ್ಲ. ಹಾಗಾಗಿ 1884ರ ಜೂನ್ 4ರಂದು ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ, ಒತೆಪ್ಯಾ ಅನ್ನೋ ಗುಡ್ಡಗಾಡಿನ ಊರಿಗೆ ಹೋದರು. ಅಲ್ಲೂ ಚರ್ಚಿನೊಳಗಲ್ಲ, ಪಾದ್ರಿಗಳ ಮನೆಯ ಹಾಲ್‌ನಲ್ಲಿ, ಬಾವುಟಕ್ಕೆ ಆಶೀರ್ವಾದ ಮಾಡಿಸಿದರು. ಮೆರವಣಿಗೆ ಇಲ್ಲ, ಬ್ಯಾಂಡ್ ಇಲ್ಲ. ನೆನಪಿಡಿ, ಇದು ಆಗ ರಾಷ್ಟ್ರಧ್ವಜ ಅಲ್ಲ, ಎಸ್ಟೋನಿಯಾ ಅನ್ನೋ ದೇಶವೇ ಇಲ್ಲ. ಒಂದು ಕಾಲೇಜು ಸಂಘದ ಬಾವುಟ, ಅಷ್ಟೇ. ಇವತ್ತು ಜೂನ್ 4 ಎಸ್ಟೋನಿಯಾದಲ್ಲಿ ಧ್ವಜ ದಿನ.

ಇಲ್ಲಿಂದ ಮುಂದಿನ ಮೂವತ್ತು ವರ್ಷ ಸ್ವಲ್ಪ ಬೇಗ ಓಡಿಸ್ತೀನಿ, ಒಂದು ಕೆಲಸದ ಹತ್ತಿರ ಮಾತ್ರ ನಿಲ್ತೀನಿ. 1889ರಿಂದ ಸೆಲ್ಟ್ಸ್ 'ಆಲ್ಬಂ' ಅನ್ನೋ ಲೇಖನ ಸಂಪುಟಗಳನ್ನ ತರೋಕೆ ಶುರು ಮಾಡ್ತು. 1902ರಲ್ಲಿ ತಾರ್ತುವಿನಲ್ಲಿ ಸ್ವಂತ ಕಟ್ಟಡ ಆಯ್ತು, ವಾಸ್ತುಶಿಲ್ಪಿ ಗೆಯೋರ್ಗ್ ಹೆಲ್ಲಾಟ್. ಕಟ್ಟಡ ಈಗಲೂ ಸೆಲ್ಟ್ಸ್‌ನ ಮನೆ. ಆ ರಸ್ತೆಗೆ ಯಾನ್ ತೊನಿಸ್ಸೊನ್ ಅನ್ನೋರ ಹೆಸರು. ಆತನೂ ಸೆಲ್ಟ್ಸ್‌ನವರೇ, ಪತ್ರಿಕಾ ಸಂಪಾದಕರು, ಮುಂದೆ ದೇಶದ ಪ್ರಧಾನಿ. 1940ರಲ್ಲಿ ಸೋವಿಯತ್ ಪೊಲೀಸರು ಹಿಡಿದುಕೊಂಡು ಹೋದರು. ಅವರ ಸಮಾಧಿ ಎಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲ.

ನಾನು ನಿಲ್ತೀನಿ ಅಂದ ಕೆಲಸ ಹಾಡು ಕೂಡಿಸಿದ್ದು. ಯಾಕೊಬ್ ಹುರ್ಟ್ ಅನ್ನೋ ವಿದ್ವಾಂಸರು 1888ರಲ್ಲಿ ಜನರಿಗೆ ಒಂದು ಕರೆ ಕೊಟ್ಟಿದ್ದರು: ನಿಮ್ಮೂರಿನ ಹಳೇ ಹಾಡು, ಗಾದೆ, ಕಥೆ ಬರೆದು ಕಳಿಸಿ ಅಂತ. ಜನ ರಾಶಿಗಟ್ಟಲೆ ಕಳಿಸಿದರು. ಆದರೆ ಬರೆದು ಕಳಿಸಿದ್ದರಲ್ಲಿ ಪದ ಇತ್ತು, ರಾಗ ಇರಲಿಲ್ಲ. 1904ರಲ್ಲಿ ಸೆಲ್ಟ್ಸ್‌ನ ಓಸ್ಕರ್ ಕಲ್ಲಾಸ್ ಈ ಕೊರತೆ ತುಂಬೋಕೆ ಹೊರಟರು. ಸಂಗೀತ ಬಲ್ಲ ಹುಡುಗರನ್ನ ಬೇಸಿಗೆಯಲ್ಲಿ ಹಳ್ಳಿಗಳಿಗೆ ಕಳಿಸೋದು, ಅಜ್ಜಿಯರ ಮುಂದೆ ಕೂತು ರಾಗ ಬರೆದುಕೊಳ್ಳೋದು. 1916ರವರೆಗೆ ನಡೀತು. ಕೂಡಿದ್ದು ಸುಮಾರು 13,000 ರಾಗ! ಮಾರ್ಟ್ ಸಾರ್, ಸಿರಿಲ್ಲಸ್ ಕ್ರೇಕ್ ಥರದ ಸಂಗೀತಗಾರರು ಈ ಕೆಲಸಕ್ಕೆ ಹೋಗಿದ್ದರು, ಆಮೇಲೆ ಅವರ ಸಂಗೀತದಲ್ಲೆಲ್ಲ ಆ ಹಳ್ಳಿ ರಾಗಗಳ ವಾಸನೆ. ಬಾವುಟದ ಕಥೆ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ಸೆಲ್ಟ್ಸ್ ಮಾಡಿದ ದೊಡ್ಡ ಕೆಲಸ ಇದು.

ಆಮೇಲೆ ಇತಿಹಾಸ ಒಮ್ಮೆಲೇ ಓಡಿತು. 1918ರ ಫೆಬ್ರವರಿ 24ರಂದು ಎಸ್ಟೋನಿಯಾ ಸ್ವತಂತ್ರ ಅಂತ ಘೋಷಣೆ ಆಯ್ತು. ಅದರ ಬೆನ್ನಿಗೇ ಜರ್ಮನ್ ಸೈನ್ಯ ಬಂದು ಕೂತಿತು. ಅದು ತೊಲಗಿದ ಮೇಲೆ, ನವೆಂಬರ್ 21ರಂದು, ತಾತ್ಕಾಲಿಕ ಸರ್ಕಾರ ನೀಲಿ ಕಪ್ಪು ಬಿಳಿಯನ್ನ ರಾಷ್ಟ್ರಧ್ವಜ ಅಂತ ಒಪ್ಪಿಕೊಂಡಿತು. ಡಿಸೆಂಬರ್ 12ರಂದು ರಾಜಧಾನಿ ಟಾಲಿನ್‌ನ 'ಉದ್ದ ಹರ್ಮನ್' ಅನ್ನೋ ಕೋಟೆ ಗೋಪುರದ ಮೇಲೆ ಹಾರಿತು. 1919ರ ಡಿಸೆಂಬರ್ 1ಕ್ಕೆ ತಾರ್ತು ವಿಶ್ವವಿದ್ಯಾಲಯ ಎಸ್ಟೋನಿಯನ್ ಭಾಷೆಯದ್ದಾಯ್ತು. ಕಾಲೆವಿಪೊಯೆಗ್ ಸಂಜೆಯಿಂದ ಅಲ್ಲಿಗೆ ಇನ್ನೂ ಐವತ್ತು ವರ್ಷ ತುಂಬಿರಲಿಲ್ಲ.

ಒಳಗಿನ ಸಂಪ್ರದಾಯ ಏನು ಅಂತ ಕೇಳ್ತೀರಿ, ಗೊತ್ತು. ತಮಾಷೆ ಏನಪ್ಪಾ ಅಂದ್ರೆ, ಯಾವ ಜರ್ಮನ್ನರ ಜೊತೆ ಹೊಡೆದಾಡಿದರೋ ಅವರ ಪದ್ಧತಿಗಳನ್ನೇ ಎಸ್ಟೋನಿಯನ್ನರು ತಮ್ಮದು ಮಾಡಿಕೊಂಡರು. ಅದೇ ಟೋಪಿ, ಅದೇ ಪಟ್ಟಿ, ಅದೇ ಬಿಯರ್ ಮತ್ತು ಹಾಡು. ಎಸ್ಟೋನಿಯನ್ ಕಾರ್ಪೊರೇಷನ್‌ಗಳಿಗೆ ಹೊಸದಾಗಿ ಸೇರಿದವನನ್ನ 'ರೆಬಾನೆ' ಅಂತಾರೆ. ಅರ್ಥ ನರಿ! ನರಿಗಳು ಮೊದಲು ಕೆಲಸ ಮಾಡಬೇಕು, ಸಂಘದ ಇತಿಹಾಸ ಕಲೀಬೇಕು, ಹಾಡು ಬಾಯಿಪಾಠ ಮಾಡಬೇಕು. ಪಾಸಾದ ಮೇಲೆ ಬಣ್ಣ ಸಿಗುತ್ತೆ. ಓದು ಮುಗಿಸಿ ಕೆಲಸಕ್ಕೆ ಸೇರಿದವನು 'ವಿಲಿಸ್ಟ್‌ಲಾನೆ'. ಅಲ್ಲಿಗೆ ಮುಗಿಯಲ್ಲ, ಸದಸ್ಯತ್ವ ಸಾಯೋವರೆಗೂ. ಇನ್ನೊಂದು ನಂಗೆ ತುಂಬ ಇಷ್ಟ ಆಗಿದ್ದು: ಒಳಗೆ ಎಲ್ಲರೂ ಎಲ್ಲರಿಗೂ 'ನೀನು'. ಇಪ್ಪತ್ತರ ಹುಡುಗ ಎಂಬತ್ತರ ರಿಟೈರ್ಡ್ ಪ್ರೊಫೆಸರಿಗೆ 'ನೀನು' ಅಂತಾನೆ. ನಮ್ಮ ಕಡೆ ಹಾಗಂದ್ರೆ ಮನೆಗೆ ದೂರು ಬರುತ್ತೆ.

ಬಿಯರ್ ಅಂದೆನಲ್ಲ, ಅದಕ್ಕೊಂದು ಅಡ್ಡಮಾತು. ಸೆಲ್ಟ್ಸ್‌ನ ಅತ್ಯಂತ ಪ್ರಭಾವಿ ಹಿರಿಯ ವಿಲ್ಲೆಮ್ ರೈಮನ್ ಅನ್ನೋ ಪಾದ್ರಿ, ದೇಶದ ಪಾನನಿರೋಧ ಚಳವಳಿಯ ನಾಯಕ ಕೂಡ. ಹುಡುಗರ ಪಾರ್ಟಿಗಳಲ್ಲಿ ಆತ ಏನು ಮುಖ ಮಾಡಿಕೊಂಡು ಕೂತಿರುತ್ತಿದ್ದರೋ ಅಂತ ನಾನು ಆಗಾಗ ಊಹಿಸ್ತೀನಿ.

ಹೆಣ್ಣುಮಕ್ಕಳು ಕಾಯಲಿಲ್ಲ. 1911ರಲ್ಲಿ ತಮ್ಮದೇ ವಿದ್ಯಾರ್ಥಿನಿಯರ ಸೆಲ್ಟ್ಸ್ ಕಟ್ಟಿಕೊಂಡರು, 1920ರಲ್ಲಿ ಫಿಲಿಯೆ ಪಾತ್ರಿಯೆ ಅನ್ನೋ ಕಾರ್ಪೊರೇಷನ್ ಬಂತು, ಆಮೇಲೆ ಇನ್ನೂ ಹಲವು. ಸೋತುಹೋಗಿದ್ದ ವಿರೋನಿಯಾ ಹೆಸರನ್ನ ರೀಗಾದ ಎಸ್ಟೋನಿಯನ್ ವಿದ್ಯಾರ್ಥಿಗಳು 1900ರಲ್ಲೇ ಎತ್ತಿಕೊಂಡಿದ್ದರು. ಅದು ಈಗ ಬೇರೆಯೇ ಸಂಘ.

ಈಗ ಕಷ್ಟದ ಭಾಗ. 1940ರಲ್ಲಿ ಸೋವಿಯತ್ ಸೈನ್ಯ ಬಂತು. ಎಲ್ಲ ವಿದ್ಯಾರ್ಥಿ ಸಂಘಗಳೂ ಬಂದ್. 1941ರ ಜೂನ್‌ನಲ್ಲಿ ಸಾವಿರಾರು ಜನರನ್ನ ಗೂಡ್ಸ್ ರೈಲಿಗೆ ತುಂಬಿ ರಷ್ಯಾದ ಒಳನಾಡಿಗೆ ಕಳಿಸಿದರು. ಆಮೇಲೆ ಮೂರು ವರ್ಷ ನಾಜಿ ಜರ್ಮನರ ಆಡಳಿತ, 1944ರಲ್ಲಿ ಮತ್ತೆ ಸೋವಿಯತ್. ಇದರ ನಡುವೆ, 1943ರಲ್ಲಿ, ಕಾರ್ಲ್ ಔನ್ ಅನ್ನೋ ಸದಸ್ಯ 1884ರ ಆ ರೇಷ್ಮೆ ಬಾವುಟವನ್ನ ತಾರ್ತುವಿನ ಉತ್ತರಕ್ಕಿರುವ ಯೊಗೆವಾ ಕಡೆಯ ಒಂದು ರೈತರ ಮನೆಗೆ ಒಯ್ದು ಹೊಗೆಗೂಡಿನ ಬುಡದಲ್ಲಿ ಹುದುಗಿಸಿಬಿಟ್ಟರು. ಆತ ಮುಂದೆ ಕೆನಡಾ ಸೇರಿಕೊಂಡರು. ಬಾವುಟ ಅಲ್ಲೇ.

ಒತೆಪ್ಯಾ ಚರ್ಚಿನ ಬಾಗಿಲ ಬಳಿ 1934ರಲ್ಲಿ, ಬಾವುಟಕ್ಕೆ ಐವತ್ತು ವರ್ಷ ಆದಾಗ, ಆ ಕಥೆಯ ಉಬ್ಬುಶಿಲ್ಪ ಇಟ್ಟಿದ್ದರು. ಸೋವಿಯತ್ ಕಾಲದಲ್ಲಿ ಅದನ್ನ ಕಿತ್ತುಹಾಕಿದರು. ತಪ್ಪಿಸಿಕೊಂಡು ಹೊರದೇಶ ಸೇರಿದ ಸದಸ್ಯರು ಸ್ವೀಡನ್, ಅಮೆರಿಕ, ಕೆನಡಾಗಳಲ್ಲಿ ಸಂಘಗಳನ್ನ ನಡೆಸಿದರು. ಅಲ್ಲೇ ಹುಟ್ಟಿದ ಮಕ್ಕಳೂ ನರಿಗಳಾದರು, ನೋಡದ ಊರಿನ ಹಾಡು ಹಾಡಿದರು. ಟೊರಾಂಟೋದಲ್ಲಿ ಎಸ್ಟೋನಿಯನ್ ವಲಸಿಗರು 1970ರಲ್ಲಿ 'ತಾರ್ತು ಕಾಲೇಜ್' ಅಂತ ಒಂದು ಎತ್ತರದ ವಿದ್ಯಾರ್ಥಿ ಹಾಸ್ಟೆಲ್ ಕಟ್ಟಿದರು. ನನ್ನೊಳಗಿನ ಬಿ.ಕಾಂ. ಹುಡುಗ ಇಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದ. ಬಾಡಿಗೆಯಿಂದ ಉಳಿದ ದುಡ್ಡಲ್ಲಿ ಸಮುದಾಯದ ಕೆಲಸ, ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಎಸ್ಟೋನಿಯನ್ ಅಧ್ಯಯನ ಪೀಠಕ್ಕೆ ಹಣ. ಚಂದಾ ಎತ್ತಿ ಸಂಸ್ಕೃತಿ ಉಳಿಸೋದು ಎರಡು ವರ್ಷಕ್ಕೆ ಸುಸ್ತಾಗುತ್ತೆ, ಬಾಡಿಗೆ ಪ್ರತಿ ತಿಂಗಳು ಬರುತ್ತೆ.

ಊರಲ್ಲಿ ಏನಾಯ್ತು? 1988ರ ಏಪ್ರಿಲ್‌ನಲ್ಲಿ ತಾರ್ತುವಿನಲ್ಲಿ ಪರಂಪರೆ ಸಂರಕ್ಷಣೆಯ ಹೆಸರಲ್ಲಿ ಒಂದು ಕಾರ್ಯಕ್ರಮ. ಮೂರು ಬಣ್ಣದ ಬಾವುಟಕ್ಕೆ ಇನ್ನೂ ಅನುಮತಿ ಇಲ್ಲ. ಜನ ಒಂದು ಉಪಾಯ ಮಾಡಿದರು. ಒಂದು ಪೂರ್ತಿ ನೀಲಿ ಬಾವುಟ, ಒಂದು ಪೂರ್ತಿ ಕಪ್ಪು, ಒಂದು ಪೂರ್ತಿ ಬಿಳಿ. ಮೂರನ್ನೂ ಪಕ್ಕಪಕ್ಕ ಹಿಡಿದು ನಡೆದರು. ಯಾರನ್ನ ಹಿಡೀತೀರಿ ಹಿಡೀರಿ! ಅದೇ ವರ್ಷ ಸೆಲ್ಟ್ಸ್ ತಾರ್ತುವಿನಲ್ಲಿ ಮತ್ತೆ ಶುರುವಾಯ್ತು. 1989ರ ಫೆಬ್ರವರಿ 24ರಂದು ಉದ್ದ ಹರ್ಮನ್ ಗೋಪುರದ ಮೇಲೆ ನೀಲಿ ಕಪ್ಪು ಬಿಳಿ ಮತ್ತೆ ಏರಿತು, ಒತೆಪ್ಯಾದ ಶಿಲ್ಪಗಳೂ ಅದೇ ವರ್ಷ ವಾಪಸ್ ಬಂದವು. 1991ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ. ಆ ವರ್ಷವೇ ಹಳ್ಳಿ ಮನೆಯ ಹೊಗೆಗೂಡಿನ ಬುಡ ಒಡೆದು ನೋಡಿದರೆ, ಬಾವುಟ ಇತ್ತು. ನಲವತ್ತೆಂಟು ವರ್ಷ.

ಈಗ ಅದು ತಾರ್ತುವಿನ ಎಸ್ಟೋನಿಯನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸುಪರ್ದಿಯಲ್ಲಿದೆ. ಆ ಸಂಗ್ರಹಾಲಯದ ಹೊಸ ಕಟ್ಟಡ 2016ರಲ್ಲಿ ತೆರೆದದ್ದು, ಅದು ನಿಂತಿರೋದು ಸೋವಿಯತ್ ವಾಯುಪಡೆಯ ಹಳೇ ರನ್‌ವೇ ತುದಿಯಲ್ಲಿ.

ಎಲ್ಲ ಚೆನ್ನಾಗಿದೆ ಅಂತ ನಾನು ಹೇಳ್ತಿಲ್ಲ. 2020ರ ದಶಕದಲ್ಲೂ ಗಂಡಸರಿಗೆ ಮಾತ್ರ ಅನ್ನೋ ಬಾಗಿಲು ಯಾಕೆ, ಹಿರಿಯರ ಪರಿಚಯದಿಂದ ಕೆಲಸ ಗಿಟ್ಟಿಸೋ ಕೂಟವಾ ಇದು ಅಂತ ಯಾರಾದ್ರೂ ಕೇಳಿದ್ರೆ, ಪ್ರಶ್ನೆ ನ್ಯಾಯವಾದದ್ದೇ. 'ಹೆಂಗಸರಿಗೂ ಅವರದೇ ಸಂಘ ಇದೆಯಲ್ಲ' ಅನ್ನೋ ಉತ್ತರ ನಂಗೆ ಪೂರ್ತಿ ಒಪ್ಪಿಗೆ ಆಗಲ್ಲ. ಜರ್ಮನ್ನರು ಬಾಗಿಲು ಹಾಕಿದಾಗ ಹೇಗೆ ಉರಿದಿತ್ತು ಅಂತ ಗೊತ್ತಿರೋ ಸಂಘ ಇದು.

ನೀವು ಯಾವತ್ತಾದ್ರೂ ಆ ಕಡೆ ಹೋದ್ರೆ ಏಪ್ರಿಲ್ 30ರ ರಾತ್ರಿ ತಾರ್ತುವಿನಲ್ಲಿರಿ. ವೊಲ್ಬ್ರಿ ರಾತ್ರಿ ಅಂತಾರೆ. ಮೇಯರ್ ಬಂದು, ಬೆಳಗಾಗೋವರೆಗೂ ಊರು ವಿದ್ಯಾರ್ಥಿಗಳದ್ದು ಅಂತ ಒಪ್ಪಿಸ್ತಾರೆ. ಬಣ್ಣಬಣ್ಣದ ಟೋಪಿ ಹಾಕಿಕೊಂಡು ಹುಡುಗರು, ಹುಡುಗಿಯರು, ಅಜ್ಜಂದಿರು ಮೆರವಣಿಗೆ ಹೋಗ್ತಾರೆ. ಆಮೇಲೆ ಒಬ್ಬರ ಸಂಘದ ಮನೆಗೆ ಇನ್ನೊಬ್ಬರು ನುಗ್ತಾರೆ, ಅವತ್ತು ಎಲ್ಲ ಬಾಗಿಲೂ ತೆರೆದಿರುತ್ತೆ. ಸ್ವೆಟರ್ ಮರೀಬೇಡಿ, ಏಪ್ರಿಲ್ ಕೊನೆಯಲ್ಲೂ ಅಲ್ಲಿ ಚಳಿ.

ಇವತ್ತಿಗೆ ಇಷ್ಟು. ನಿಮ್ಮ ಕಾಲೇಜು ಸಂಘದ ಟೀಶರ್ಟ್ ಬಣ್ಣ ಯಾವುದಿತ್ತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.